ತೊಳೆದು ಕೊಂದ ತೊಟ್ಟಿ

ಜಾಡಿಯಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಅದೇ ಮೂಗಿನಿಂದ ಅವಳು ಒಂಬತ್ತು ವರ್ಷ ಇಡೀ ಊರಿನ ಕೊಳಚೆಯನ್ನು ಕಾದಳು ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಕೈಯಲ್ಲಿ ಸದಾ ಒಂದು ಲೀಟರಿನ ಗಾಜಿನ ಜಾಡಿ ಇರುತ್ತಿದ್ದುದರಿಂದ ಆ ಹೆಸರು ಎಲ್ಲರಿಗೂ ಮರೆತೇಹೋಗಿತ್ತು.

ಊರು ಇಳಿಜಾರಿನ ಮೇಲಿತ್ತು. ಇನ್ನೂರು ಮನೆ, ಒಂದೇ ಉದ್ದನೆಯ ಬೀದಿ. ಬೀದಿಯಡಿ ಹೂತಿದ್ದ ಕೊಳವೆ ಎಲ್ಲರ ಬಚ್ಚಲು, ಪಾಯಿಖಾನೆ, ಅಡುಗೆಮನೆಯ ನೀರನ್ನು ಹೊತ್ತು ಬೀದಿಯ ಕೆಳತುದಿಗೆ, ಅಲ್ಲಿಂದ ಜಾಡಿಯಮ್ಮನ ತೊಟ್ಟಿಗಳಿಗೆ ಇಳಿಯುತ್ತಿತ್ತು. ಮೊದಲು ಕಬ್ಬಿಣದ ಕಂಬಿಗಳ ಜಾಲರಿ. ಬಟ್ಟೆ ಚೂರು, ಪ್ಲಾಸ್ಟಿಕ್ಕು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಅಲ್ಲಿ ಸಿಕ್ಕಿಬಿದ್ದಿತ್ತು. ಆ ಹಲ್ಲನ್ನು ಮೂರು ಸಲ ಕುದಿಸಿ, ಬೀದಿಯಲ್ಲಿ ಬಾಯಿ ಬೊಚ್ಚಾದವರು ಯಾರೆಂದು ಪತ್ತೆ ಹಚ್ಚಿ ಕೊಟ್ಟು ಬಂದವಳು ಅವಳೇ. ಜಾಲರಿ ದಾಟಿದರೆ ದೊಡ್ಡ ತೊಟ್ಟಿ. ಅದರ ತಳಕ್ಕೆ ಮೋಟಾರೊಂದು ಹಗಲೂ ರಾತ್ರಿ ಗಾಳಿ ಊದುತ್ತಿತ್ತು. ಆಮೇಲೆ ಅಲುಗಾಡದ ಇನ್ನೊಂದು ತೊಟ್ಟಿ. ಅಲ್ಲಿ ಕಂದು ಬಣ್ಣದ್ದೆಲ್ಲ ತಳ ಸೇರಿ, ತಿಳಿನೀರು ಅಂಚಿನಿಂದ ಹರಿದು ಹಳ್ಳಕ್ಕೆ ಬೀಳುತ್ತಿತ್ತು.

ಕೆಲಸ ಮಾಡುತ್ತಿದ್ದುದು ತೊಟ್ಟಿಯೂ ಅಲ್ಲ, ಮೋಟಾರೂ ಅಲ್ಲ. ದೊಡ್ಡ ತೊಟ್ಟಿಯಲ್ಲಿ ನೊರೆ ಉಕ್ಕಿಸುತ್ತ ಮಗುಚುತ್ತಿದ್ದ ಕೆಸರಿತ್ತಲ್ಲ, ಅದು ಜೀವವಿರುವ ಕೆಸರು. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಉಸಿರಾಡುತ್ತ, ಊರಿನ ಕೊಳಕನ್ನು ತಿಂದು ಬದುಕುತ್ತಿದ್ದವು. ತೊಟ್ಟಿ ಕಟ್ಟಿಸಿದ ಎಂಜಿನಿಯರು ಅದಕ್ಕೆ ಮಾರುದ್ದದ ಹೆಸರು ಹೇಳಿದ್ದ. ಜಾಡಿಯಮ್ಮ ಅದನ್ನು ಹೆಪ್ಪು ಎಂದಳು. ಹೆಪ್ಪು ಚೆನ್ನಾಗಿದ್ದರೆ ಹಾಲು ತಾನೇ ಮೊಸರಾಗುತ್ತದೆ, ಇಲ್ಲದಿದ್ದರೆ ಎಷ್ಟು ಹಾಲು ಸುರಿದರೂ ದಂಡ. ದಿನಾ ಬೆಳಿಗ್ಗೆ ಜಾಡಿಗೆ ಆ ಕೆಸರುನೀರು ತುಂಬಿ, ಕಟ್ಟೆಯ ಮೇಲಿಟ್ಟು, ಅರ್ಧ ಗಂಟೆ ಕಾಯುತ್ತಿದ್ದಳು. ಜಾಡಿಯ ಮೂರರಲ್ಲಿ ಒಂದು ಭಾಗ ಕಂದಾಗಿ ತಳಕ್ಕಿಳಿದು, ಮೇಲಿನದು ತಿಳಿಯಾದರೆ ಹೆಪ್ಪಿಗೆ ಆರೋಗ್ಯ. ವಾಸನೆ ಮಳೆ ಬಿದ್ದ ಮಣ್ಣಿನ ಹಾಗಿರಬೇಕು. ಹುಳಿ ವಾಸನೆ ಬಂದರೆ ಯಾರೋ ಬಣ್ಣವನ್ನೋ ಗಿಡಕ್ಕೆ ಹೊಡೆಯುವ ವಿಷವನ್ನೋ ಬಚ್ಚಲಿಗೆ ಸುರಿದಿದ್ದಾರೆ ಎಂದರ್ಥ. ಆಗ ಅವಳು ಮನೆ ಮನೆಯ ಮೋರಿ ಮೂಸುತ್ತ ಹೋಗಿ, ಸುರಿದವರನ್ನು ಹಿಡಿದು, ಅವರ ಏಳು ತಲೆಮಾರಿಗೆ ಸಾಕಾಗುವಷ್ಟು ಬೈದು ಬರುತ್ತಿದ್ದಳು.

ಇಷ್ಟು ಮಾಡಿದವಳಿಗೆ ಸಿಕ್ಕ ಮರ್ಯಾದೆ ಏನು? ಅಂಗಡಿಯಲ್ಲಿ ಅವಳು ನಿಂತರೆ ಪಕ್ಕದವರು ಒಂದು ಹೆಜ್ಜೆ ಸರಿಯುತ್ತಿದ್ದರು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಕೊನೆಯವರೆಗೂ ಖಾಲಿ. ಅವಳು ದಿನಕ್ಕೆರಡು ಸಲ ಸ್ನಾನ ಮಾಡುವವಳು, ಸರಿಯುವವರಲ್ಲಿ ಕೆಲವರು ವಾರಕ್ಕೆರಡು ಸಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರೆಲ್ಲ ಅವಳ ಕೈಗೆ, ಮೊಸರೆಲ್ಲ ಊರಿನ ಬಾಯಿಗೆ.

ಅವಳು ಆ ಕೆಲಸ ಹಿಡಿದದ್ದಕ್ಕೆ ಕಾರಣವಿತ್ತು. ಅವಳ ತವರು ಕೆಳಗಿನ ಊರು, ಹಳ್ಳದ ದಂಡೆಯಲ್ಲೇ ನಡೆದರೆ ಅರ್ಧ ಗಂಟೆ. ಅಲ್ಲಿಯ ಕುಡಿಯುವ ನೀರಿನ ಬಾವಿ ಹಳ್ಳದಿಂದ ಹತ್ತು ಹೆಜ್ಜೆ ದೂರ. ಚಿಕ್ಕಂದಿನಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ ನಮ್ಮ ನೀರೇ ಹೀಗೆ ಎಂದು ದೊಡ್ಡವರು ಸುಮ್ಮನಾಗುತ್ತಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಮೇಲಿನ ಊರಿಗೆ ಬಂದಳು. ಮೂರನೆಯ ದಿನ ಹಿತ್ತಿಲಲ್ಲಿ ಪಾತ್ರೆ ತಿಕ್ಕುವಾಗ, ಈ ಮುಸುರೆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಅತ್ತೆಯನ್ನು ಕೇಳಿದಳು. ಕೆಳಗೆ ಹೋಗುತ್ತೆ, ಇನ್ನೆಲ್ಲಿಗೆ ಹೋಗುತ್ತೆ ಎಂದರು ಅತ್ತೆ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ. ಕೆಳಗೆ ಅಂದರೆ ಅವಳ ಅಮ್ಮನ ಬಿಂದಿಗೆಗೆ. ಹೊಸ ಸೊಸೆ, ತಲೆ ತಗ್ಗಿಸಿ ಪಾತ್ರೆ ತಿಕ್ಕಿದಳು. ಇಪ್ಪತ್ತು ವರ್ಷ ಹಾಗೇ ತಿಕ್ಕಿದಳು. ಬಾಯಿ ಬಿಡದ ಆ ಇಪ್ಪತ್ತು ವರ್ಷಕ್ಕೆ ಅವಳು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ. ಆಮೇಲೆ ಬಂದ ಕೋಪವೆಲ್ಲ ಆ ದಿನಗಳ ಬಾಕಿ ಎಂದು ನನ್ನ ಲೆಕ್ಕ.

ತೊಟ್ಟಿ ಕಟ್ಟುವಾಗ ಮರಳು ಹೊರಲು ಹೋದವಳು ಅವಳು. ಅದನ್ನು ನಡೆಸಲೆಂದು ಆರಿಸಿದ ಇಬ್ಬರು ಗಂಡಸರು ಜಾಲರಿಯಲ್ಲಿ ಏನೇನು ಸಿಗುತ್ತದೆ ಎಂದು ನೋಡಿದ ಮೇಲೆ ಊಟಕ್ಕೆ ಹೋಗಿ ಬರುತ್ತೇವೆ ಎಂದು ಹೊರಟರು, ಇವತ್ತಿಗೂ ಬಂದಿಲ್ಲ. ಎಂಜಿನಿಯರು ತಲೆಯ ಮೇಲೆ ಕೈ ಹೊತ್ತು ಕೂತಾಗ ಜಾಡಿಯನ್ನು ಇವಳು ಎತ್ತಿಕೊಂಡಳು. ಮೊದಲ ವರ್ಷ ಮೂರು ಸಲ ಹೆಪ್ಪು ಕಾಯಿಲೆ ಬಿತ್ತು, ಮೂರು ಸಲವೂ ಎಬ್ಬಿಸಿದಳು. ಎರಡನೆಯ ವರ್ಷದಿಂದ ಕೆಳಗಿನ ಊರಿನಲ್ಲಿ ಹೊಟ್ಟೆನೋವೆಂದು ಮಲಗುವವರು ಇಲ್ಲವಾದರು. ಅಣ್ಣನ ಮನೆಗೆ ಹೋದಾಗ ಅವಳು ಬಾವಿಯ ನೀರನ್ನು ಗಟಗಟ ಕುಡಿದು, ಇನ್ನೊಂದು ಲೋಟ ಕೊಡಿ ಎನ್ನುತ್ತಿದ್ದಳು. ಅವಳ ಸುಖ ಅಷ್ಟೇ, ಅದಕ್ಕಿಂತ ದೊಡ್ಡದು ಅವಳಿಗೆ ಬೇಕೂ ಇರಲಿಲ್ಲ.

ಒಂದು ದೋಷ ಅವಳದೂ ಇತ್ತು. ತೊಟ್ಟಿಯ ಗೇಟಿಗೆ ಬೀಗ ಜಡಿದಿದ್ದಳು, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಸರಿದು ನಿಲ್ಲುವವರಿಗೆ ನನ್ನ ಹೆಪ್ಪಿನ ಮುಖ ಯಾಕೆ ತೋರಿಸಲಿ ಎಂಬ ಬಿಂಕ. ಒಂದೇ ಸೂರಿನಡಿ ಇದ್ದ ವಾರಗಿತ್ತಿಗೂ ಹೇಳಿರಲಿಲ್ಲ. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರು, ಒಂದೇ ಲಾರಿಯಲ್ಲಿ ಚಾಲಕರು, ತಿಂಗಳಿಗೊಮ್ಮೆ ಮನೆ ಕಾಣುವವರು. ಮನೆಯಲ್ಲಿ ಈ ಇಬ್ಬರು ಹೆಂಗಸರೇ. ಕಿರಿಯವಳು ಬಾಯಿಗೆ ಬೀಗವಿಲ್ಲದವಳು, ಊರಿನ ಮಹಿಳಾ ಸಂಘದ ಮುಂದಾಳು. ಹಿರಿಯವಳು ಸ್ನಾನ ಮುಗಿಸಿ ಬಂದು ಊಟಕ್ಕೆ ಕೂತರೆ, ಇವತ್ತು ಹೇಗಿತ್ತಕ್ಕ ಎಂದು ಕೇಳುವಳು. ಇತ್ತು ಎನ್ನುವಳು ಹಿರಿಯವಳು. ಒಂಬತ್ತು ವರ್ಷ ಮಾತು ಅಲ್ಲಿಗೇ ನಿಂತಿತ್ತು.

ಹೀಗಿರುವಾಗ ತವರಿನಲ್ಲಿ ಅವಳ ಅಣ್ಣ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಜಾಡಿಯಮ್ಮ ಮೂರು ದಿನ ತವರಿಗೆ ಹೋದಳು. ಹೆಪ್ಪು ಮೂರು ದಿನ ತನ್ನ ಪಾಡಿಗೆ ತಾನಿರುತ್ತದೆ, ಮೋಟಾರು ನಿಲ್ಲಬಾರದು ಅಷ್ಟೇ. ಅದನ್ನು ನೋಡಿಕೊಳ್ಳಲು ವಾರಗಿತ್ತಿಗೆ ಹೇಳಿ, ಬೀಗದ ಕೈ ಕೊಟ್ಟಿದ್ದಳು.

ಅವಳು ಅತ್ತ ಹೋದ ದಿನವೇ ಅಧ್ಯಕ್ಷರಿಗೆ ಪತ್ರ ಬಂತು. ಅಧ್ಯಕ್ಷರೆಂದರೆ ಬೀದಿಯ ಮೇಲ್ತುದಿಯಲ್ಲಿ ಎರಡು ಬಚ್ಚಲಿನ ಮನೆ ಕಟ್ಟಿಸಿಕೊಂಡು, ಎರಡು ಮಾತಿಗೊಮ್ಮೆ ನಮ್ಮ ಊರು, ನಮ್ಮ ಊರು ಎನ್ನುವ ಮನುಷ್ಯ. ಅತಿ ಸ್ವಚ್ಛ ಗ್ರಾಮದ ಪ್ರಶಸ್ತಿಗೆ ಊರು ಆಯ್ಕೆಯ ಪಟ್ಟಿಯಲ್ಲಿದೆ, ಪರಿಶೀಲನೆಗೆ ಅಧಿಕಾರಿ ಬರುತ್ತಾರೆ ಎಂದಿತ್ತು ಪತ್ರದಲ್ಲಿ. ಅಧ್ಯಕ್ಷರು ಬೀಗದ ಕೈ ಇಸಿದುಕೊಂಡು ಒಂಬತ್ತು ವರ್ಷದಲ್ಲಿ ಮೊದಲ ಸಲ ಗೇಟಿನ ಒಳಗೆ ಕಾಲಿಟ್ಟರು. ಕಂದು ಕೆಸರು, ನೊರೆ, ಗೋಡೆಗೆ ಅಂಟಿದ ಲೋಳೆ ನೋಡಿ ಹೌಹಾರಿದರು. ಇವಳು ಇಷ್ಟು ವರ್ಷ ಇಲ್ಲಿ ಏನು ಮಾಡುತ್ತಿದ್ದಳು, ಒಂದು ದಿನವಾದರೂ ತೊಳೆದಿದ್ದಾಳೆಯೇ ಎಂದರು.

ಪರಿಶೀಲನೆಯ ಹಿಂದಿನ ದಿನ ಊರಿಗೆ ಊರೇ ತೊಳೆಯಲು ಬಂತು. ಮುಂದೆ ನಿಂತವಳು ವಾರಗಿತ್ತಿಯೇ. ಪಾಪ, ಅಕ್ಕನ ಮರ್ಯಾದೆ ಉಳಿಸಬೇಕು, ಅವಳು ಬರುವಷ್ಟರಲ್ಲಿ ಥಳಥಳ ಮಾಡಿಟ್ಟು ಬೆರಗುಗೊಳಿಸಬೇಕು ಎಂಬ ಆಸೆ ಅವಳಿಗೆ. ತಳದ ಕೆಸರನ್ನು ಪಂಪು ಹಾಕಿ ಎತ್ತಿ ಗುಂಡಿಗೆ ಚೆಲ್ಲಿದರು. ಉಳಿದದ್ದಕ್ಕೆ ಅಧ್ಯಕ್ಷರು ತರಿಸಿದ ಆರು ಮೂಟೆ ಬ್ಲೀಚಿಂಗ್ ಪುಡಿ ಸುರಿದರು. ತಂತಿ ಬ್ರಷ್ಷಿನಲ್ಲಿ ಗೋಡೆ ಉಜ್ಜಿ ಸುಣ್ಣ ಬಳಿದರು. ಸಂಜೆಯ ಹೊತ್ತಿಗೆ ತೊಟ್ಟಿ ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಒಂಬತ್ತು ವರ್ಷದ ಹೆಪ್ಪು ಒಂದು ಮಧ್ಯಾಹ್ನದಲ್ಲಿ ಸತ್ತಿತು, ಸಾಯಿಸಿದವರು ಒಬ್ಬರಿಗೊಬ್ಬರು ಶಹಬ್ಬಾಸ್ ಹೇಳಿಕೊಂಡು ಮನೆಗೆ ಹೋದರು.

ಜಾಡಿಯಮ್ಮ ಮರುದಿನ ಬಂದಾಗ ಅಧಿಕಾರಿಯೂ ಬಂದಿದ್ದ. ಗೇಟಿನಿಂದ ಇಪ್ಪತ್ತು ಮಾರು ದೂರದಲ್ಲೇ ಅವಳ ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯಿತು. ಅವಳು ಓಡಿದಳು. ಜನರನ್ನು ತಳ್ಳಿಕೊಂಡು ಹೋಗಿ ಜಾಡಿ ತುಂಬಿ ಕಟ್ಟೆಯ ಮೇಲಿಟ್ಟಳು. ಅರ್ಧ ಗಂಟೆಯಲ್ಲ, ಒಂದು ಗಂಟೆ ಕಾದರೂ ಏನೂ ಇಳಿಯಲಿಲ್ಲ. ಪಾತ್ರೆ ತೊಳೆದ ನೀರಿನಂತೆ ಬೂದು ಬಣ್ಣಕ್ಕೆ ನಿಂತೇ ಇತ್ತು. ಅಧಿಕಾರಿ ಅದೇನು ಎಂದು ಕೇಳಿದ. ಇದು ಸತ್ತಿದೆ, ಇಂದಿನಿಂದ ಊರಿನ ಕೊಳಚೆ ಹಾಗೇ ಹಳ್ಳಕ್ಕೆ ಹೋಗುತ್ತದೆ ಎಂದಳು. ಅಧ್ಯಕ್ಷರು ನಡುವೆ ಬಂದು ನಕ್ಕರು. ಕೊಳಕು ಹೋದರೆ ತನ್ನ ಕೆಲಸವೂ ಹೋಗುತ್ತದೆ ಎಂದು ಇವಳಿಗೆ ಹೆದರಿಕೆ ಎಂದರು. ಸುತ್ತ ನಿಂತವರೂ ನಕ್ಕರು. ಅಧಿಕಾರಿಯ ಕೈಯಲ್ಲಿ ನಮೂನೆಯಿತ್ತು, ನಮೂನೆಯಲ್ಲಿ ಚೌಕಗಳಿದ್ದವು. ವಾಸನೆ ಇಲ್ಲ, ಗೋಡೆ ಸ್ವಚ್ಛ, ನೊರೆ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯ, ಗುರುತು ಹಾಕಿ ಸಹಿ ಮಾಡಿ ಹೊರಟುಹೋದ.

ಅವಳು ಮೊದಲು ಅಣ್ಣನಿಗೆ ಫೋನು ಮಾಡಿ ಬಾವಿಯ ನೀರು ಯಾರೂ ಮುಟ್ಟಬೇಡಿ ಎಂದಳು. ಆಮೇಲೆ ಅಧ್ಯಕ್ಷರ ಹಿಂದೆ ಬಿದ್ದಳು. ಸತ್ತ ತೊಟ್ಟಿಗೆ ಮತ್ತೆ ಜೀವ ಬರಬೇಕಾದರೆ ಬೇರೆ ಊರಿನ ತೊಟ್ಟಿಯಿಂದ ಬದುಕಿರುವ ಹೆಪ್ಪನ್ನು ಟ್ಯಾಂಕರಿನಲ್ಲಿ ತಂದು ಸುರಿಯಬೇಕು, ಬೇರೆ ದಾರಿಯಿಲ್ಲ. ಪಟ್ಟಣದ ದೊಡ್ಡ ತೊಟ್ಟಿಯವರು ಕೊಡುತ್ತಾರೆ, ಅಧ್ಯಕ್ಷರು ಒಂದು ಮಾತು ಕೇಳಬೇಕಷ್ಟೇ. ಅಧ್ಯಕ್ಷರು ಕೇಳಲು ಒಪ್ಪಲಿಲ್ಲ. ಈಗ ಕೇಳಿದರೆ ನಮ್ಮ ತೊಟ್ಟಿ ಕೆಟ್ಟಿದೆ ಎಂದು ನಾವೇ ಡಂಗುರ ಹೊಡೆದಂತೆ.

"ಇಪ್ಪತ್ತು ದಿನ ತಡ್ಕೋ," ಎಂದರು. "ಪ್ರಶಸ್ತಿ ಕೈಗೆ ಬರ್ಲಿ. ಆಮೇಲೆ ಎಷ್ಟು ಟ್ಯಾಂಕರ್ ಬೇಕೋ ಅಷ್ಟು ತರಿಸ್ತೀನಿ."

"ಅಲ್ಲೀತನಕ ಈ ನೀರು?"

"ಕೆಳಗೆ ಹೋಗುತ್ತೆ. ಮೊದಲೂ ಹೋಗ್ತಿತ್ತಲ್ಲ, ಯಾರು ಸತ್ರು?"

ಅವಳ ರಕ್ತ ನೆತ್ತಿಗೇರಿತು. ಆ ಮನುಷ್ಯನ ಕಪಾಳಕ್ಕೆ ಬಾರಿಸದೆ ಬಂದದ್ದೇ ದೊಡ್ಡದು ಎಂದು ಆಮೇಲೆ ಅವಳೇ ಹೇಳಿಕೊಂಡಿದ್ದಾಳೆ. ಸೀದಾ ತೊಟ್ಟಿಗೆ ಬಂದಳು. ಊರಿನ ಕೊಳವೆ ಜಾಲರಿಗೆ ಸೇರುವ ಕಡೆ ಒಂದು ದೊಡ್ಡ ವಾಲ್ವು, ಅದರ ಮೇಲೆ ಬಸ್ಸಿನ ಸ್ಟಿಯರಿಂಗಿನಂಥ ಕಬ್ಬಿಣದ ಚಕ್ರ. ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿ ತಿರುಗಿಸಿ ಅದನ್ನು ಪೂರ್ತಿ ಮುಚ್ಚಿದಳು. ಚಕ್ರವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದಳು.

ಕೊಳವೆ ಮುಚ್ಚಿದರೆ ನೀರು ಹಿಂದಕ್ಕೆ ಏರುತ್ತದೆ, ಮೊದಲು ಎಲ್ಲಕ್ಕಿಂತ ತಗ್ಗಿನ ಮನೆಯಲ್ಲಿ ಉಕ್ಕುತ್ತದೆ. ಎಲ್ಲಕ್ಕಿಂತ ತಗ್ಗಿನ ಮನೆ ಅವಳದೇ. ಇದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲು ಅಂಗಳದ ಕೆಳ ಅಂಚಿಗೆ ಮಣ್ಣು ತುಂಬಿದ ಚೀಲಗಳನ್ನು ಅಡ್ಡ ಜೋಡಿಸಿದಳು, ಒಂದು ಹನಿಯೂ ಹಳ್ಳದ ಕಡೆ ಹೋಗದಂತೆ. ಹಾಸಿಗೆ, ಕಾಳು, ಬಟ್ಟೆಗಳನ್ನೆಲ್ಲ ಅಟ್ಟಕ್ಕೇರಿಸಿದಳು. ಸಂಜೆ ಐದಕ್ಕೆ ಬಚ್ಚಲ ತೂತಿನಿಂದ ಗುಳುಗುಳು ಸದ್ದು ಬಂತು. ಆರಕ್ಕೆ ಊರಿನ ಕೊಳಚೆ ಅವಳ ಬಚ್ಚಲು ತುಂಬಿ, ಹೊಸ್ತಿಲು ದಾಟಿ, ನಡುಮನೆಗೆ ಬಂತು.

ವಾರಗಿತ್ತಿ ಪಾದ ಮುಳುಗುವ ಕೊಳಚೆಯಲ್ಲಿ ನಿಂತು ಕೂಗಾಡಿದಳು. ನಿನಗೆ ತಲೆ ಕೆಟ್ಟಿದೆ, ನಾವು ಕೈ ಒಡೆದುಕೊಂಡು ತೊಳೆದದ್ದಕ್ಕೆ ಹೊಟ್ಟೆಕಿಚ್ಚು ನಿನಗೆ ಎಂದಳು. ಜಾಡಿಯಮ್ಮ ಅಟ್ಟದ ಏಣಿಯ ಮೇಲೆ ಕೂತು, ಹಲ್ಲು ಕಚ್ಚಿ, ಆ ಮೂರನೆಯ ದಿನದ ಮುಸುರೆ ಪಾತ್ರೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕೆಸರು ಎಂದರೆ ಏನು, ಅದು ಏನು ತಿನ್ನುತ್ತದೆ, ಆರು ಮೂಟೆ ಪುಡಿ ಅದಕ್ಕೆ ಏನು ಮಾಡಿತು, ಈಗ ಬಾವಿಯ ಪಕ್ಕ ಹರಿಯುತ್ತಿರುವುದು ಏನು. ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಬೀದಿಯವರೆಗೂ ಕೇಳಿಸಿತು. ಕಿರಿಯವಳು ಕೇಳಿದ್ದು ಒಂದೇ ಮಾತು.

"ಒಂಬತ್ತು ವರ್ಷ ಒಂದೇ ಒಲೆ ನಮ್ದು. ಅದಕ್ಕೆ ಜೀವ ಇದೆ ಅಂತ ನನಗೆ ಒಂದಿನಾನಾದ್ರೂ ಹೇಳಿದ್ಯಾ ಅಕ್ಕ?"

ಪುಡಿ ಸುರಿದವರ ಮೇಲಿದ್ದ ಕೋಪದಲ್ಲಿ ಒಂದು ಪಾಲು ತನಗೂ ಸಲ್ಲಬೇಕು ಎಂದು ಜಾಡಿಯಮ್ಮನಿಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ್ದೇ ಕೋಪ ಇನ್ನೂ ಹೆಚ್ಚಾಯಿತು.

ಬೆಳಗಾಗುವಷ್ಟರಲ್ಲಿ ಬೀದಿಯ ಕೆಳಗಿನ ಮೂವತ್ತು ಮನೆಗಳ ಬಚ್ಚಲು ಉಕ್ಕಿತ್ತು. ಜನ ಬೈಯಲು ಗುಂಪು ಕಟ್ಟಿಕೊಂಡು ಬಂದರು. ಬಂದವರು ಬಾಗಿಲಲ್ಲಿ ಇಣುಕಿ ನೋಡಿದರು. ಅವಳ ಮನೆಯೊಳಗೆ ಮೊಣಕಾಲು ಮಟ್ಟ ನಿಂತಿತ್ತು. ಬೈಯುವುದು ಬಿಟ್ಟು ಇದೇನಿದು ಎಂದು ಕೇಳಿದರು. ಯಾಕೆ, ಏನು ಎಂದು ಅವರಿಗೆ ವಿವರಿಸಿದವಳು ವಾರಗಿತ್ತಿ, ಅದೂ ತಾನೇ ಹುಟ್ಟಿಸಿದ ವಿಷಯವೇನೋ ಎಂಬಷ್ಟು ವಿವರವಾಗಿ. ವಾಲ್ವು ತೆರೆಯಬೇಕಾದರೆ ಟ್ಯಾಂಕರು ಬರಬೇಕು, ಟ್ಯಾಂಕರಿಗೆ ಅಧ್ಯಕ್ಷರು ಬಾಯಿ ಬಿಡಬೇಕು ಎಂದಳು. ಅಧ್ಯಕ್ಷರ ಮನೆ ಇಳಿಜಾರಿನ ನೆತ್ತಿಯಲ್ಲಿ, ಅಲ್ಲಿಗೆ ಕೊಳಚೆ ಏಳು ಜನ್ಮಕ್ಕೂ ಏರುವುದಿಲ್ಲ. ಹಾಗಾದರೆ ನಾವೇ ಏರೋಣ ಎಂದಳು.

ಮೂವತ್ತು ಮನೆಯ ಮಂದಿ ತಂಬಿಗೆ, ಟವೆಲು ಹಿಡಿದು ಬೀದಿ ಹತ್ತಿ, ಅಧ್ಯಕ್ಷರ ಎರಡು ಬಚ್ಚಲುಗಳ ಮುಂದೆ ಎರಡು ಸಾಲು ನಿಂತರು. ಅಜ್ಜಂದಿರು, ಬಸುರಿಯರು, ಭೇದಿಯ ಮಾತ್ರೆ ನುಂಗಿದ್ದ ಶಾಲಾ ಮಾಸ್ತರು. ನಮ್ಮ ಊರು ಎನ್ನುತ್ತೀರಲ್ಲ ಸ್ವಾಮಿ, ಇದೇ ನಿಮ್ಮ ಊರು ಎಂದಳು ವಾರಗಿತ್ತಿ. ಅಧ್ಯಕ್ಷರ ಹೆಂಡತಿ ಹತ್ತು ಗಂಟೆಯವರೆಗೆ ಸಹಿಸಿದರು, ಆಮೇಲೆ ಗಂಡನಿಗೆ ಏನು ಹೇಳಿದರೋ, ಹನ್ನೊಂದಕ್ಕೆ ಅಧ್ಯಕ್ಷರು ಫೋನು ಎತ್ತಿದರು.

ಮರುದಿನ ಬೆಳಿಗ್ಗೆ ಎರಡು ಟ್ಯಾಂಕರು ಬಂದವು. ಜಾಡಿಯಮ್ಮ ಮೂಸಿ ನೋಡಿ, ಜಾಡಿ ತುಂಬಿ ಕಟ್ಟೆಯ ಮೇಲಿಟ್ಟು, ಅರ್ಧ ಗಂಟೆ ಕಾದು, ಆಮೇಲೆಯೇ ಸುರಿಯಲು ಬಿಟ್ಟಳು. ವಾಲ್ವನ್ನು ದಿನಕ್ಕೆ ಎರಡು ಸುತ್ತಿನಷ್ಟೇ ತೆರೆದಳು, ಬಾಣಂತಿಗೆ ಪಥ್ಯ ಕೊಟ್ಟ ಹಾಗೆ. ಹೆಪ್ಪು ಬಲಿಯುವವರೆಗೆ ಊರು ಸ್ನಾನವನ್ನೂ ಅಳತೆಯಲ್ಲಿ ಮಾಡಿತು; ಕೆಳಗಿನ ಊರಿಗೆ ದಿನಾ ಕುಡಿಯುವ ನೀರಿನ ಗಾಡಿ ಹೋಯಿತು. ಗೇಟಿನ ಬೀಗ ಹಳೆ ಸಾಮಾನಿನವನ ಪಾಲಾಯಿತು. ಬೆಳಿಗ್ಗೆ ಜಾಡಿ ತುಂಬುವ ಹೊತ್ತಿಗೆ ವಾರಗಿತ್ತಿ ಸಂಘದ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಬರುವಳು. ಜಾಡಿಯಮ್ಮ ಅವರಿಗೆ ಕಲಿಸುವಳು, ಬೈದುಕೊಂಡೇ ಕಲಿಸುವಳು. ಹದಿನೆಂಟನೆಯ ದಿನ ಜಾಡಿಯಲ್ಲಿ ಕೆಸರು ಇಳಿದು ತಿಳಿನೀರು ನಿಂತಿತು.

ಮೂರನೆಯ ವಾರ ಕಳೆದ ಮೇಲೆ ಅಧ್ಯಕ್ಷರು ಪ್ರಶಸ್ತಿಯ ಫಲಕ ಹಿಡಿದು, ಸುತ್ತಿಗೆ ಮೊಳೆಯವನನ್ನು ಕರೆದುಕೊಂಡು ಬಂದರು. ಹೌದು, ಪ್ರಶಸ್ತಿ ಬಂದಿತ್ತು. ಹಾಕಿದ ಸಹಿ ಹಾಕಿಯಾಗಿತ್ತಲ್ಲ. ಒಳಗೆ ಬಂದು, ನೊರೆ ಉಕ್ಕಿಸುತ್ತಿದ್ದ ಕಂದು ಕೆಸರನ್ನು ನೋಡಿ ಅಧ್ಯಕ್ಷರು ಮುಖ ಸಿಂಡರಿಸಿದರು. ಇಷ್ಟೆಲ್ಲ ನಡೆದ ಮೇಲೂ ಆ ಮನುಷ್ಯನ ತಲೆಯಲ್ಲಿ ಉಳಿದಿದ್ದದ್ದು ಸುಣ್ಣದ ಬಿಳುಪೊಂದೇ. ಮತ್ತೆ ಹೀಗಾಯಿತಲ್ಲ, ಅವತ್ತು ಎಷ್ಟು ಚೆನ್ನಾಗಿತ್ತು ಎಂದರು.

"ಅವತ್ತು ಅದು ಹೆಣ," ಎಂದಳು ಜಾಡಿಯಮ್ಮ. "ಹೆಣ ನಾರೋಕೆ ಒಂದು ದಿನ ಬೇಕು. ನಿಮ್ಮ ಅಧಿಕಾರಿ ಅದಕ್ಕೆ ಮೊದಲೇ ಬಂದು ಹೋದ."

ಅಧ್ಯಕ್ಷರು ಕೇಳಿಸಿಕೊಳ್ಳದವರಂತೆ ಮೊಳೆ ಹೊಡೆಯುವ ಜಾಗ ತೋರಿಸಿದರು. ವಾರಗಿತ್ತಿ ಗೋಡೆಗೆ ಅಡ್ಡ ನಿಂತು, ಇದು ಇಲ್ಲಿ ಬೇಡ, ನಿಮ್ಮ ಬಚ್ಚಲಿನಲ್ಲಿ ತಗುಲಿಸಿಕೊಳ್ಳಿ, ಆ ಎರಡು ದಿನ ಊರಿನಲ್ಲಿ ಕೆಲಸ ಮಾಡಿದ್ದು ಅದೊಂದೇ ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಸುತ್ತಿಗೆಯವನೂ ನಕ್ಕ.

ಜಾಡಿಯಮ್ಮ ನಗಲಿಲ್ಲ. ತೊಟ್ಟಿ ಸತ್ತ ಮರುದಿನ ಅವಳು ಫೋನು ಮಾಡುವಷ್ಟರಲ್ಲಿ ಕೆಳಗಿನ ಊರಿನವರು ಅಂದಿನ ನೀರು ಸೇದಿ ಕುಡಿದಾಗಿತ್ತು. ಹದಿನೇಳು ಜನ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು, ಇಬ್ಬರನ್ನು ಪಟ್ಟಣದ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಆ ಹದಿನೇಳರಲ್ಲಿ ಹನ್ನೊಂದು ಜನ ಅವಳನ್ನು ಅತ್ತೆ ಎಂದು ಕರೆಯುವವರು. ಅವಳು ಫಲಕವನ್ನು ಕೈಗೆ ತೆಗೆದುಕೊಂಡು ಓದಿದಳು. ನೂರಕ್ಕೆ ತೊಂಬತ್ತೆಂಟು ಅಂಕ ಎಂದು ಬಂಗಾರದ ಬಣ್ಣದಲ್ಲಿ ಕೆತ್ತಿತ್ತು.

"ಎರಡು ಅಂಕ ಯಾತಕ್ಕೆ ಕಳೆದ್ರು?" ಎಂದು ಕೇಳಿದಳು.

"ಗೇಟಿನ ಬಣ್ಣ ಹೋಗಿದೆ ಅಂತ," ಎಂದರು ಅಧ್ಯಕ್ಷರು.